ಅಖ್ತರನ ಭುಜಕ್ಕೆ ರಜೆ

ಎಲ್ಲಕ್ಕೂ ಕಾರಣ ನಸೀಮಾಬಿಯ ಬಾಯಿ. ಗಂಡನ ಭುಜಕ್ಕೆ ಇವತ್ತೊಂದು ದಿನ ಆರಾಮ ಸಿಕ್ಕರೆ ಸಾಕು ಎಂದು ಬೆಳಿಗ್ಗೆ ನಳದ ಹತ್ತಿರ ಅಂದಳು. ಕೊಡ ತುಂಬುವುದರೊಳಗೆ ಸುದ್ದಿ ಓಣಿಯೆಲ್ಲ ಸುತ್ತಿ ಬಂದಿತ್ತು.

ಅವಳ ಗಂಡ ಅಖ್ತರನಿಗೆ ಲಾರಿಯ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಯಮಕನಮರಡಿಯ ಹೆದ್ದಾರಿ ಪಕ್ಕದಲ್ಲಿರುವ ತನ್ನ ಮೊಬೈಲ್ ರಿಪೇರಿ ಅಂಗಡಿಗೆ, ಯಾರ ಹಂಗೂ ಇಲ್ಲದೆ, ಗಾಲಿಕುರ್ಚಿಯನ್ನು ತಾನೇ ತಿರುಗಿಸಿಕೊಂಡು ಹೋಗುವುದೇ ಅವನ ದೊಡ್ಡ ಹೆಮ್ಮೆ. ತಿರುಗಿಸಿ ತಿರುಗಿಸಿ ಬಲಭುಜ ನೋಯತೊಡಗಿತ್ತು. ಹುಕ್ಕೇರಿಯ ಫಿಜಿಯೋಥೆರಪಿಸ್ಟ್ ದಾನೇಶ್ವರಿ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಕಲಿಸಿ ಹೋಗಿದ್ದಳು. ಇವತ್ತು ಸಂಜೆ ನೋಡುವಾಗ ನೋವು ಇಳಿದಿರದಿದ್ದರೆ ಕೈಯಿಂದ ಗಾಲಿ ತಿರುಗಿಸುವುದು ಬಂದ್ ಎಂದೂ ಹೇಳಿದ್ದಳು. ಅಖ್ತರನಿಗೆ ಅದೊಂದೇ ಹೆದರಿಕೆ.

ಹೊಸ್ತಿಲು ದಾಟುವಷ್ಟರಲ್ಲಿ ಬಾಜೂ ಮನೆಯ ಬಾಳವ್ವ ಬಂದು ಕುರ್ಚಿಯ ಹಿಡಿಕೆ ಹಿಡಿದಳು.

“ನೀ ಗಾಲಿ ಮುಟ್ಟಬ್ಯಾಡೋ ತಮ್ಮಾ, ನಾ ದೂಡತೇನಿ.”

ದೂಡುವ ಮುಂಚೆ ಜೋಳದ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು. ದಾರಿಯಲ್ಲೇ ಗಿರಣಿ ಎಂದಳು. ಗಿರಣಿ ಇದ್ದದ್ದು ಅಂಗಡಿಯ ವಿರುದ್ಧ ದಿಕ್ಕಿಗೆ. ಬೀಸಿದ ಹಿಟ್ಟು ಬಿಸಿಬಿಸಿ. ತೊಡೆ ಸುಟ್ಟರೂ ತನಗೆ ಗೊತ್ತಾಗುವುದಿಲ್ಲವಲ್ಲ ಎಂದು ಹೆದರಿ ಅಖ್ತರ ಡಬ್ಬಿಯ ಕೆಳಗೆ ಟವೆಲ್ ಮಡಚಿಟ್ಟುಕೊಂಡ.

ಗಿರಣಿಯಲ್ಲಿದ್ದ ಎದುರುಮನೆಯ ಮಲ್ಲೇಶ, ಬಾಳವ್ವನಿಗೆ ದಣಿವಾಗಿದೆ ಎಂದು ಹಿಡಿಕೆ ಇಸಿದುಕೊಂಡ. ಡಬ್ಬಿಯ ಮೇಲೆ ಅವನ ಎಮ್ಮೆಯ ಹಿಂಡಿಯ ಗಂಟು ಕೂತಿತು. ಮುಂದಿನ ತಿರುವಿನಲ್ಲಿ ಅದೇ ಓಣಿಯ ಫಕೀರವ್ವ ಬೀಗರ ಮನೆಗೆ ಕಳಿಸಬೇಕಾದ ಕುಂಬಳಕಾಯಿ ಹಿಡಿದು ಕಾಯುತ್ತಿದ್ದಳು. ಉಪಕಾರ ಮಾಡುವವರಿಗೆ ಒಲ್ಲೆ ಎನ್ನುವುದು ಹೇಗೆ? ಅಖ್ತರ ಕುಂಬಳಕಾಯಿಯ ಮರೆಯಲ್ಲಿ ಊರೆಲ್ಲ ತಿರುಗಿದ. ಅಂಗಡಿ ಮುಟ್ಟಿದಾಗ ಗಿರಾಕಿಗಳು ಬೈದು ಹೋಗಿಯಾಗಿತ್ತು.

ಸಂಜೆ ದಾನೇಶ್ವರಿ ಮನೆಗೆ ಬಂದು ಕೈ ಎತ್ತಿಸಿ ನೋಡಿದಳು. ಕೈ ಕಿವಿಯವರೆಗೂ ಸಲೀಸಾಗಿ ಏರಿತು. ಅಖ್ತರನಿಗೆ ಹೋದ ಜೀವ ಬಂದಂತಾಯಿತು.

“ನೋವು ಭಾಳ ಇಳದೈತ್ರಿ ಮೇಡಂ. ನಾಳಿಂದ ಗಾಲಿ ನಾನ ತಿರಗಸ್ತೇನ್ರಿ.”

“ಇವತ್ತ ಬ್ಯಾರೆ ಏನರ ಮಾಡಿದ್ರೇನ?”

ಅವನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ ಬಾಳವ್ವ, ಮುಂಜಾನೆಯಿಂದ ಅವನ ಕೈ ಗಾಲಿಗೆ ತಾಕಗೊಟ್ಟಿಲ್ಲವೆಂದು ಹೆಮ್ಮೆಯಿಂದ ವರದಿ ಒಪ್ಪಿಸಿದಳು. ದಾನೇಶ್ವರಿಯ ಮುಖ ಅರಳಿತು.

“ಅದಕ್ಕ ಆರಾಮ ಆಗೇತಿ. ವ್ಯಾಯಾಮ ಬಿಡಬ್ಯಾಡ್ರಿ. ಇನ್ನೊಂದು ತಿಂಗಳ ಹಿಂಗ ಇವರೆಲ್ಲಾರೂ ದೂಡ್ಲಿ.”

ಓಣಿಯವರು ಅಲ್ಲೇ ನಿಂತು ಪಾಳಿ ಹಂಚಿಕೊಂಡರು. ಅಖ್ತರ ಕಂಗಾಲಾಗಿ ದಾನೇಶ್ವರಿಯತ್ತ ನೋಡಿದ. ಓದಿದವಳು, ತನ್ನ ಕಷ್ಟ ಅವಳಿಗಾದರೂ ತಿಳಿದೀತು ಎಂಬ ಆಸೆ. ಅವಳು ಮುಗುಳ್ನಕ್ಕು ಹಿಂದೆ ಬಂದು ಹಿಡಿಕೆ ಹಿಡಿದಳು.

“ಇವತ್ತಿಂದು ನನ್ನ ಪಾಳಿ. ಹೆಂಗೂ ನಾ ಬಸ್ ಸ್ಟ್ಯಾಂಡಿಗೆ ಹೋಗಬೇಕು” ಎನ್ನುತ್ತ ತನ್ನ ಚೀಲವನ್ನು ಅವನ ತೊಡೆಯ ಮೇಲಿಟ್ಟಳು.