ಮಿಷನ್ನು ಕಾಯಿಸುವ ಮಾವ

ಕನ್ನಡದಲ್ಲಿ ‘ಕಾಯಿಸು’ ಎಂಬ ಮಾತಿಗೆ ಎರಡು ಅರ್ಥ. ಹಾಲು ಕಾಯಿಸುವುದು ಒಂದು, ಜನರನ್ನು ಕಾಯಿಸುವುದು ಇನ್ನೊಂದು. ಎರಡನ್ನೂ ಒಂದೇ ಏಟಿಗೆ ಮಾಡಬಲ್ಲವರು ಮಂಡ್ಯ ಸೀಮೆಯಲ್ಲಿ ಒಬ್ಬರೇ ಇದ್ದಾರೆ. ನನ್ನ ಗ್ರಹಚಾರ, ಅವರು ನನ್ನ ಸೋದರಮಾವ.

ಮಾವನ ಬಳಿ ಮರ ಕುಯ್ಯುವ ಮಿಷನ್ನೊಂದಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹುಯ್ದು, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಕಿರಂಗೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಶಾಲೆ ಮೇಷ್ಟ್ರು. ವಾರವೆಲ್ಲ ಮಕ್ಕಳ ಗದ್ದಲ ಕೇಳಿ, ಭಾನುವಾರ ಬೆಳಿಗ್ಗೆಯಾದರೂ ಮುಸುಕು ಹಾಕಿಕೊಂಡು ಮಲಗೋಣವೆಂದರೆ ಅಂಗಳದಲ್ಲಿ ಅದು ಶುರುವಾಗುತ್ತದೆ. ಮಾವ ಮಿಷನ್ನನ್ನು ನೆಲದ ಮೇಲಿಟ್ಟು, ಹಿಡಿಕೆಯನ್ನು ಕಾಲಲ್ಲಿ ಒತ್ತಿ, ಚೋಕ್ ಎಳೆದು, ಹಗ್ಗ ಜಗ್ಗುತ್ತಾರೆ. ಅದು ಒಮ್ಮೆ ಕೆಮ್ಮುತ್ತದೆ. ಚೋಕ್ ಬಿಟ್ಟು ಮತ್ತೆ ಜಗ್ಗಿದರೆ ಹೊತ್ತಿಕೊಳ್ಳುತ್ತದೆ. ಇನ್ನು ಕೆಲಸ ಶುರು ಎಂದು ತಿಳಿದವರು ಮೂರ್ಖರು. ಇನ್ನು ಕಾಯಿಸುವುದು ಶುರು! ಮಾವ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹೊಗೆಯ ಬಣ್ಣ ನೋಡುತ್ತಾ, ತಲೆದೂಗುತ್ತಾ ಇದ್ದುಬಿಡುತ್ತಾರೆ. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನವರು ಹಾಗೆ ತಲೆದೂಗಿದ್ದನ್ನು ನಾನು ನೋಡಿಲ್ಲ.

ಒಂದು ಭಾನುವಾರ ತಡೆಯಲಾರದೆ ಎದ್ದುಹೋದೆ.

“ಇವತ್ತು ಎಲ್ಲಿ ಮಾವ ಮರ ಕುಯ್ಯಾದು?”

“ಎಲ್ಲೂ ಇಲ್ಲ.”

“ಮತ್ಯಾಕೆ ಕಾಯಿಸ್ತಾ ಇದ್ದೀರಿ?”

“ನಿಂಗೂ ಇವತ್ತು ಇಸ್ಕೂಲಿಲ್ಲ. ಕಾಫಿ ಕುಡಿಯಾಕಿಲ್ವೇನ್ಲಾ?”

ಇಂಥ ಪ್ರಶ್ನೆಗೆ ಉತ್ತರ ಕೊಡುವುದನ್ನು ನಮಗೆ ಯಾವ ಬಿ.ಎಡ್. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರೆ?

ಅವರ ಸಿದ್ಧಾಂತ ಇಷ್ಟೆ. “ತಣ್ಣಗಿರೋ ಮಿಷನ್ನ ಎಬ್ಬಿಸಿದ ಏಟ್ಗೇ ಓಡಿಸಿದ್ರೆ ಒಳಗೆ ಪಿಸ್ಟನ್ ಕಚ್ಕತದೆ ಕಣ್ಲಾ. ಆಮೇಲೆ ಗುಜರಿಗೆ ಆಕ್ಬೇಕು ಅಷ್ಟೆಯಾ.” ಮಾತೇನೋ ಸರಿಯೇ ಇರಬಹುದು. ಆದರೆ ಬೇರೆಯವರೂ ಮಿಷನ್ನು ಇಟ್ಟುಕೊಂಡಿದ್ದಾರಲ್ಲ. ಅವರು ಒಂದು ಗಳಿಗೆ ಕಾಯಿಸುತ್ತಾರೆ, ಕುಯ್ಯುತ್ತಾರೆ, ಮನೆಗೆ ಹೋಗುತ್ತಾರೆ. ನಮ್ಮ ಮಾವ ಕಾಯಿಸುವಷ್ಟರಲ್ಲಿ ಮುದ್ದೆಯ ಎಸರು ಮರಳಿ, ಮುದ್ದೆ ತಿರುವಿ, ಉಂಡು ಕೈತೊಳೆಯಬಹುದು.

ನಾಗಮಂಗಲದಲ್ಲಿ ನಮ್ಮ ನಂಟರ ಮದುವೆ. ಅಡುಗೆಗೆ ಸೌದೆ ಕುಯ್ದುಕೊಡುತ್ತೇನೆಂದು ಮಾವ ತಾವಾಗಿಯೇ ಒಪ್ಪಿಕೊಂಡು, ಮಿಷನ್ನಿನ ಸಮೇತ ಬಸ್ಸು ಹತ್ತಿದರು. ಮಿಷನ್ನಿಗೆ ಕಿಟಕಿ ಪಕ್ಕದ ಸೀಟು, ನಾನು ಕಂಬ ಹಿಡಿದು ನಿಂತಿದ್ದೆ. ಅಲ್ಲಿ ಹೋಗಿ ಯಥಾಪ್ರಕಾರ ಕಾಯಿಸತೊಡಗಿದರು. ಅಡುಗೆಭಟ್ಟರು ಬಂದರು, ನೋಡಿದರು, ಹೋದರು. ಮತ್ತೆ ಬಂದರು. ಕೊನೆಗೆ ಬೈದುಕೊಳ್ಳುತ್ತಾ ಕೊಡಲಿ ತರಿಸಿ, ಅಷ್ಟೂ ಸೌದೆ ಸೀಳಿಸಿ ಒಲೆ ಹೊತ್ತಿಸಿಬಿಟ್ಟರು. ಮಾವ ಗೆಲುವಿನಿಂದ ಎದ್ದು ನೋಡಿದರೆ ಒಂದು ತುಂಡೂ ಇಲ್ಲ.

“ಈಗ ಹದಕ್ಕೆ ಬಂದದೆ, ಏನಾರ ತನ್ನಿ,” ಎಂದು ಕೂಗಿದರು. ಯಾರೂ ತರಲಿಲ್ಲ. ಆಗ ಅವರ ಕಣ್ಣು ಚಪ್ಪರದ ಕಂಬದ ಕಡೆ ಹೋದದ್ದನ್ನು ಕಂಡು ಹೆಣ್ಣಿನ ತಂದೆ ಓಡಿಬಂದು ಕಂಬ ತಬ್ಬಿಕೊಂಡರು. ಮದುವೆ ಊಟದಲ್ಲಿ ನನ್ನನ್ನು ಎಲ್ಲರೂ ‘ಮಿಷನ್ನಿನವರ ಕಡೆಯವರು’ ಎಂದೇ ಕರೆದರು. ಇದನ್ನೂ ನುಂಗಬೇಕೆ?

ಬೇಗ ಮುಗಿಸುವ ದಾರಿ ಕಲಿಯೋಣವೆಂದು, “ನಂಗೂ ಒಸಿ ಹೇಳ್ಕೊಡಿ ಮಾವ,” ಎಂದೆ. ಸಂತೋಷದಿಂದ ಹಗ್ಗ ಕೈಗಿತ್ತರು. ನಾನು ಬಲವಾಗಿ ಎಳೆದ ರಭಸಕ್ಕೆ ಭುಜ ಉಳುಕಿ ಕೂತುಬಿಟ್ಟೆ. ಮಾವ ಓಡಿಬಂದರು. ಬಂದವರು ಮಿಷನ್ನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸವರಿದರು.

“ನೋವಾಗಿರಾದು ನಂಗೆ ಮಾವ.”

“ಭುಜ ತಾನಾಗೇ ವಾಸಿ ಆಯ್ತದೆ ಕಣ್ಲಾ. ಇದು ಆಯ್ತದಾ?”

ಅಂದು ಸಂಜೆ ಅವ್ವನ ಮುಂದೆ ನನ್ನ ಸಿಟ್ಟನ್ನೆಲ್ಲ ಕಾರಿಕೊಂಡೆ. ಎಣ್ಣೆ ತಿಕ್ಕುತ್ತಿದ್ದ ಅವ್ವ ನಕ್ಕಳು. “ಅವ್ನು ಚಿಕ್ಕೋನಿದ್ದಾಗ್ಲೂ ಅಂಗೇ ಕಣಪ್ಪಾ. ಯಾವ್ದುನ್ನೂ ಬಿರ್ರನೆ ಮಾಡ್ದೋನಲ್ಲ,” ಎಂದಳಷ್ಟೆ. ತಮ್ಮನ ವಿಷಯದಲ್ಲಿ ಅವಳಿಂದ ನ್ಯಾಯ ಸಿಗುವುದುಂಟೆ?

ಕಳೆದ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಗಾಳಿಮಳೆ ಬಂತು. ಅವ್ವ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದಳು. ಪಕ್ಕದ ಬೇವಿನ ಮರ ಅರ್ಧಕ್ಕೆ ಮುರಿದು ಕೊಟ್ಟಿಗೆಯ ಶೀಟಿನ ಮೇಲೆ ಬಿತ್ತು. ಕೊಂಬೆಗಳು ಬಾಗಿಲಿಗೆ ಅಡ್ಡವಾಗಿ ಕೂತವು. ಒಳಗೆ ಸೀಮೆಹಸು ಬೆದರಿ ಒದೆಯುತ್ತಿತ್ತು. “ಗ್ವಾಡೆಗೆ ಒತ್ತರಿಸ್ತಾ ಅದೆ ಕಣಪ್ಪಾ, ಉಸಿರು ಬುಡಕಾಯ್ತಿಲ್ಲ,” ಎಂಬ ಅವ್ವನ ದನಿ ಕೇಳಿಸಿತು. ಶೀಟು ತಗ್ಗುತ್ತಲೇ ಇತ್ತು. ನಾನು ಮಚ್ಚು ಹಿಡಿದು ಕಡಿದರೆ ತೊಗಟೆ ಮಾತ್ರ ಎದ್ದುಬರುತ್ತಿತ್ತು.

ಮಾವ ಮಿಷನ್ನು ಹಿಡಿದು ಬಂದರು. ಇನ್ನು ಕುಕ್ಕರಗಾಲಿನಲ್ಲಿ ಕೂರುತ್ತಾರೆ ಎಂದುಕೊಂಡೆ. ಇಷ್ಟು ವರ್ಷ ತಡೆದಿಟ್ಟಿದ್ದ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂತು.

“ಮಾವ, ಇವತ್ತೊಂದಿನ...” ಎನ್ನುವಷ್ಟರಲ್ಲಿ ಅವರು ಹಗ್ಗ ಜಗ್ಗಿಯಾಗಿತ್ತು. ಅದು ಕೆಮ್ಮಿತು, ಹೊತ್ತಿಕೊಂಡಿತು, ಮರುಕ್ಷಣವೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಕೊಂಬೆಗೆ ಇಟ್ಟರು. ಅಂಥ ಕಿರುಚಾಟವನ್ನು ನಾನು ಯಾವ ಭಾನುವಾರವೂ ಕೇಳಿರಲಿಲ್ಲ. ಒಂದು ಕೊಂಬೆ ಬಿತ್ತು, ಇನ್ನೊಂದು ಬಿತ್ತು. ದಪ್ಪ ಕೊಂಬೆ ಮುಕ್ಕಾಲು ಕುಯ್ದಿತ್ತು, ಮಿಷನ್ನು ಕಿರ್ರೆಂದು ನಿಂತುಹೋಯಿತು. ಹಗ್ಗ ಎಳೆದರು. ಅದು ಅಲುಗಲಿಲ್ಲ. ಪಿಸ್ಟನ್ನು ಕಚ್ಚಿಕೊಂಡಿತ್ತು. ಮಾವ ಅದನ್ನು ಕೆಸರಿಗೆ ಎಸೆದು, ಕೊಂಬೆಗೆ ಹೆಗಲು ಕೊಟ್ಟರು. ನಾನೂ ಕೊಟ್ಟೆ. ಅದು ಲಟ್ಟನೆ ಮುರಿಯಿತು.

ಅವ್ವ ಹೊರಗೆ ಬಂದಳು. ಸೀರೆಯ ತುಂಬ ಹಾಲು, ಸಗಣಿ. ತಮ್ಮನ ತೋಳು ಹಿಡಿದು ಉಸಿರು ತಂದುಕೊಂಡು, ಕೆಸರಿನಲ್ಲಿ ಬಿದ್ದಿದ್ದ ಮಿಷನ್ನಿನ ಮೇಲೆ ಮಳೆಹನಿ ಚುಯ್ಯೆನ್ನುವುದನ್ನು ನೋಡಿದಳು.

“ಕಾಯಿಸಿದ್ಯೇನ್ಲಾ ಅದ್ನ?”

“ಊಂ ಕಣಕ್ಕ, ಕಾಯಿಸ್ದೆ,” ಎಂದರು ಮಾವ.

ಆ ಕಡೆ ತಿರುಗಿಯೂ ನೋಡದೆ, ಅಕ್ಕನ ಒದ್ದೆ ತಲೆಗೂದಲಿಗೆ ಅಂಟಿದ್ದ ಬೇವಿನೆಲೆಗಳನ್ನು, ಒಂದಿಷ್ಟೂ ಅವಸರವಿಲ್ಲದೆ, ಒಂದೊಂದಾಗಿ ಬಿಡಿಸುತ್ತಾ ನಿಂತರು.