ಉಡಾಕೋ, ಕೊಡಾಕೋ?

ಬೇರೆಯವರ ಮನೆಯಲ್ಲಿ ನಗುವಂಥ ಪ್ರಸಂಗಗಳು ಲಗ್ನದಲ್ಲೋ ಪ್ರವಾಸದಲ್ಲೋ ಆಗುತ್ತವೆ. ನಮ್ಮ ಬಳಗಕ್ಕೆ ಆ ಭಾಗ್ಯವಿಲ್ಲ. ನಮ್ಮಲ್ಲಿ ಅವು ಆಸ್ಪತ್ರೆಯ ಬೆಂಚಿನ ಮೇಲೆ ಆಗುತ್ತವೆ, ಅಳಬೇಕಾದ ಹೊತ್ತಿನಲ್ಲೇ ಆಗುತ್ತವೆ, ಒಮ್ಮೆ ಶುರುವಾದರೆ ಬೇಗ ನಿಲ್ಲುವುದೂ ಇಲ್ಲ. ನಕ್ಕರೆ ಇವಳಿಗೆ ಕರುಳಿಲ್ಲ ಅನ್ನುತ್ತಾರೆ. ನಗದೆ ತಡೆದುಕೊಂಡರೆ ನನಗೆ ಹೊಟ್ಟೆ ನೋಯುತ್ತದೆ.

ಕಳೆದ ವರ್ಷವಿಡೀ ನನ್ನ ಹೊಟ್ಟೆ ನೋಯಿಸಿದವಳು ನನ್ನ ಮೌಶಿ, ಅಂದರೆ ಅವ್ವನ ತಂಗಿ, ಖಾನಾಪುರದಾಕೆ. ನಾನು ಬೆಳಗಾವಿಯ ಶಹಾಪುರದಲ್ಲಿ ಒಬ್ಬಳೇ ಇದ್ದುಕೊಂಡು, ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಮದುವೆಯಾಗದ ಹೆಣ್ಣಿಗೆ ಕೆಲಸವೇ ಇರುವುದಿಲ್ಲ ಎಂಬುದು ನಮ್ಮ ಬಳಗದ ಗಟ್ಟಿ ನಂಬಿಕೆ. ಹಾಗಾಗಿ ಯಾರಿಗೆ ಏನಾದರೂ ಆಸ್ಪತ್ರೆಗೆ ಜೊತೆ ಹೋಗುವವಳು ನಾನೇ.

೧. ಪಥ್ಯ

ಮೌಶಿಯ ಹೊಟ್ಟೆಯ ಬೇನೆಗೆ ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ನಮ್ಮ ಮೂವರನ್ನೂ ಒಳಗೆ ಕರೆದರು. ಮೌಶಿ, ಆಕೆಯ ಗಂಡ ಅಂದರೆ ನನ್ನ ಕಾಕಾ, ಮತ್ತು ನಾನು. ಡಾಕ್ಟರು ಬಹಳ ಮೆತ್ತಗೆ ಹೇಳಿದರು: "ಇನ್ನ ಪಥ್ಯಾ ಗಿಥ್ಯಾ ಏನೂ ಬ್ಯಾಡ್ರಿ. ಮನಸಿಗೆ ಬಂದದ್ದು ತಿನ್ನಲಿ. ಮನಸಿಗೆ ಬಂದಂಗ ಇರಲಿ."

ನನಗೆ ತಿಳಿಯಿತು. ತಲೆಯೆತ್ತಿ ಫ್ಯಾನು ನೋಡುತ್ತ ಕೂತೆ. ಕಾಕಾನಿಗೆ ಮಾತ್ರ ಎಲ್ಲಿಲ್ಲದ ಖುಷಿ. "ಕೇಳಿದೇನ? ಪಥ್ಯಾ ಇಲ್ಲಂತ! ನಾ ಹೇಳಿದ್ದಿಲ್ಲ, ಭಾಳ ಏನಿಲ್ಲಂತ?"

ಮೌಶಿಗೂ ತಿಳಿದಿತ್ತು. ಗಂಡನ ಮುಖ ನೋಡಿದಳು, ಬಿಡಿಸಿ ಹೇಳಲು ಮನಸ್ಸಾಗಲಿಲ್ಲ. ಸೆರಗಿನ ತುದಿ ಸುತ್ತುತ್ತ, "ತಿನ್ನೂದಂತೂ ಗಂಟಲದಾಗ ಇಳಿಯೂದಿಲ್ಲ," ಅಂದಳು. "ತಿನ್ನೂದು ಬಿಡ್ರಿ. ನಾ ಇನ್ನ ಮನಸಿಗೆ ಬಂದದ್ದು ಉಡತೇನಿ."

ಕಾಕಾ ಕಾಳಜಿಯಿಂದ ಡಾಕ್ಟರ ಕಡೆ ಬಾಗಿ ಕೇಳಿದರು: "ಅದಕ್ಕೇನ ಅಡ್ಡಿ ಇಲ್ಲಲ್ರಿ ಸಾಹೇಬ್ರ?"

೨. ಟ್ರಂಕು

ಖಾನಾಪುರಕ್ಕೆ ಹೋಗಿ ಮೌಶಿಯ ಟ್ರಂಕು ತೆಗೆದೆವು. ಸೀರೆಗೇನೂ ಬರವಿರಲಿಲ್ಲ. ಆದರೆ ನಾನು "ಆ ನೀಲಿದು ಕೊಡು" ಅಂದರೆ ಆಕೆ ಕಣ್ಣು ಕಣ್ಣು ಬಿಡುತ್ತಿದ್ದಳು. ಆಕೆಯ ಸೀರೆಗಳಿಗೆ ಬಣ್ಣದ ಗುರುತಿರಲಿಲ್ಲ, ಕೊಟ್ಟವರ ಗುರುತಿತ್ತು. "ಇದು ದೊಡ್ಡ ನಾದಿನಿ. ಇದು ಅಕಿ ಬೀಗರು. ಇದು ಮನಿ ಶಾಂತಿ ಮಾಡಿದಾಗ ಹಿಂದಿನ ಓಣಿಯಾಕಿ."

ಎಲ್ಲವೂ ಆಹೇರದ ಸೀರೆ. ನಮ್ಮ ಕಡೆ ಲಗ್ನವಿರಲಿ ಬಸುರಿಯ ಕುಬಸವಿರಲಿ, ಬಂದ ಹೆಂಗಸರಿಗೆ ಸೀರೆಯ ಆಹೇರ ಮಾಡಬೇಕು. ನಾಳೆ ಅವರ ಮನೆಯಲ್ಲಿ ಏನಾದರೂ ಆದಾಗ ಅವರು ನಮಗೆ ಮಾಡುತ್ತಾರೆ. ಲಗ್ನದ ಸೀರೆ ಅತ್ತೆ ಆರಿಸಿದ್ದು, ಉಳಿದದ್ದು ಊರು ಆರಿಸಿದ್ದು. ಜನ್ಮದಲ್ಲಿ ತಾನೇ ಆರಿಸಿ ತಂದ ಸೀರೆ ಒಂದೂ ಆ ಟ್ರಂಕಿನಲ್ಲಿರಲಿಲ್ಲ. ಮೌಶಿ ಇದನ್ನು ದುಃಖದಿಂದೇನೂ ಹೇಳಲಿಲ್ಲ. ಕೇಳಿದ ನನಗೇ ಸಂಕಟವಾಯಿತು, ಯಾಕೆಂದರೆ ನನ್ನ ಕಪಾಟಿನ ಗತಿಯೂ ಅದೇ.

ತಳದಲ್ಲಿ ಮಡಿಕೆ ಬಿಚ್ಚದ ತಿಳಿ ಗುಲಾಬಿ ಸೀರೆಯೊಂದು ಸಿಕ್ಕಿತು. ಬಿಡಿಸಿದಳು. ಸೆರಗಿನ ಮೂಲೆಯಲ್ಲಿ ಅರಿಸಿನದ ಕಲೆ ಕಂಡದ್ದೇ ಕೂತಲ್ಲೇ ನಗತೊಡಗಿದಳು. ಅದು ಬಹಳ ಹಿಂದೆ, ತನಗೆ ಸೇರಲಿಲ್ಲವೆಂದು ಆಕೆಯೇ ನಾದಿನಿಯ ಧಾರವಾಡದ ಬೀಗರಿಗೆ ದಾಟಿಸಿದ್ದ ಸೀರೆ. ಅವರು ಯಾರಿಗೋ ಕೊಟ್ಟು, ಅವರು ಮತ್ತಾರಿಗೋ ಕೊಟ್ಟು, ಕೊನೆಗೆ ಯಾರದೋ ಕುಬಸದಲ್ಲಿ ಆಕೆಗೇ ಆಹೇರವಾಗಿ ಬಂದಿತ್ತು.

"ನೋಡವಾ," ಅಂದಳು ಕಣ್ಣೊರೆಸಿಕೊಳ್ಳುತ್ತ, "ನಾ ಇನ್ನೂ ಧಾರವಾಡ ನೋಡಿಲ್ಲ. ನನ್ನ ಸೀರಿ ನೋಡಿ ಬಂದೈತಿ."

೩. ಖಡೇಬಜಾರ

ಬೆಳಗಾವಿಯ ಖಡೇಬಜಾರದ ಸೀರೆ ಅಂಗಡಿಯೊಂದಕ್ಕೆ ಹೋದೆವು. ಗಾದಿಯ ಮೇಲೆ ಕೂತಿದ್ದ ಸೇಲ್ಸ್‌ಮನ್ನು ಎಲ್ಲ ಗಿರಾಕಿಗಳಿಗೂ ಕೇಳುವುದನ್ನೇ ಕೇಳಿದ: "ಉಡಾಕೋ, ಕೊಡಾಕೋ, ಅಕ್ಕಾರ?"

ಉಡುವ ಸೀರೆಯ ಕಪಾಟು ಬೇರೆ, ಕೊಡುವ ಸೀರೆಯ ಗುಡ್ಡೆ ಬೇರೆ. ಕೊಡುವ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ ಅಂತ ಮಾರುವವನಿಗೂ ಗೊತ್ತು, ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಯಾರೂ ಹೇಳುವುದಿಲ್ಲ.

"ಉಡಾಕ," ಅಂದಳು ಮೌಶಿ. ಅಂದು ತಾನೇ ನಾಚಿಕೊಂಡಳು.

"ಯಾರಿಗ್ರಿ? ಸೊಸಿಗೇನ್ರಿ?"

"ಅಲ್ಲ. ನನಗ."

"ಹಂಗಾರ ಯಾವ ಬಣ್ಣ ತೋರಸಲ್ರಿ?"

ಇಲ್ಲಿ ಮೌಶಿ ಸಿಕ್ಕಿಬಿದ್ದಳು. ತನಗೆ ಯಾವ ಬಣ್ಣ ಇಷ್ಟ ಎಂಬುದು ಆಕೆಗೆ ಗೊತ್ತಿರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಆಕೆಯೂ ಕೇಳಿಕೊಂಡಿರಲಿಲ್ಲ. ಕಾಕಾನ ಕಡೆ ತಿರುಗಿದಳು. "ಏನ್ರಿ, ನನಗ ಯಾವ ಬಣ್ಣ ಸೇರತೈತ್ರಿ?"

ಕಾಕಾ ಗಾಬರಿಯಾದರು. "ನಿನಗ? ಬೂದಿ ಬಣ್ಣ ಅಲ್ಲ? ಯಾವಾಗಲೂ ಅದನ್ನ ಉಡತಿ."

"ಅದು ನಿಮ್ಮ ಅಕ್ಕ ಕೊಟ್ಟಿದ್ದು."

ಸೇಲ್ಸ್‌ಮನ್ನು ಸೀರೆ ಬಿಡಿಸುತ್ತ ಹೋದ. ಮೌಶಿ ಒಂದನ್ನು ನನ್ನ ಭುಜಕ್ಕಿಟ್ಟು "ನಿನಗ ಒಪ್ಪತೈತಿ" ಅಂದಳು. ಇನ್ನೊಂದನ್ನು ಸವರಿ "ನಿಮ್ಮವ್ವ ಇದ್ದಿದ್ರ ಇದನ್ನ ಬಿಡತಿದ್ದಿಲ್ಲ" ಅಂದಳು. ಯಾವ ಸೀರೆ ನೋಡಿದರೂ ಯಾರಾದರೊಬ್ಬರು ನೆನಪಾಗುತ್ತಿದ್ದರು. ಆಕೆಗೆ ಆಕೆ ಮಾತ್ರ ನೆನಪಾಗಲಿಲ್ಲ. ಸಂಜೆ ಅಂಗಡಿಯಿಂದ ಹೊರಬಿದ್ದಾಗ ನಮ್ಮ ಚೀಲದಲ್ಲಿದ್ದದ್ದು ಕಾಕಾನಿಗೆ ಒಂದು ಅಂಗಿಯ ಬಟ್ಟೆ.

"ಅವರಿಗೆ ಯಾವ ಬಣ್ಣ ಸೇರತೈತಿ ಅನ್ನೂದು ನನಗ ಬರೋಬರಿ ಗೊತ್ತೈತಿ ನೋಡು," ಅಂದಳು.

೪. ಕಾಶಿಗಿಂತ ಮುಂದೆ

ಅಂದು ಇಬ್ಬರೂ ನನ್ನ ಮನೆಯಲ್ಲೇ ಉಳಿದರು. ಬೆಳಿಗ್ಗೆ ಹಾಲು ತರಲು ಹೋದ ಮೌಶಿ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ನಮ್ಮ ಓಣಿಯ ನೇಕಾರರ ಮನೆಯ ಬಾಗಿಲಲ್ಲಿ ಹಾಲಿನ ಚೀಲ ಹಿಡಿದು ನಿಂತಿದ್ದಳು. ಒಳಗೆ ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ. ಮಾವಿನ ಹಣ್ಣಿನ ಬಣ್ಣ, ಜಾಂಬಳಿ ದಡಿ, ಅಂದರೆ ನೇರಳೆ ಅಂಚು.

"ಇದು," ಅಂದಳು. ಆಕೆಯ ಮುಖ ನೋಡಿ ನನಗೆ ಅಳು ಬಂತು.

ನೇಕಾರ ಮಗ್ಗ ನಿಲ್ಲಿಸಿ, "ಮುಂದಿನ ವಾರ ಬರ್ರಿ ಅವ್ವಾರ, ಆಗಿರತೈತಿ," ಅಂದ.

"ಅದಕಿಂತ ಲಗೂನ ಆಗೂದಿಲ್ಲೇನ್ರಿ? ನನಗ ಹೋಗೂದೈತಿ."

"ಎಲ್ಲಿಗ್ರಿ, ಕಾಶಿಗೇನ್ರಿ?"

"ಅಲ್ಲಿಂದ ಮುಂದ."

ನೇಕಾರ ಕಾಶಿಯ ಮುಂದೆ ಯಾವ ಊರು ಬರುತ್ತದೆ ಅಂತ ಯೋಚಿಸಿದ. ಆಮೇಲೆ ಕಳಕಳಿಯಿಂದ ಹೇಳಿದ: "ಹಂಗಾರ ಥಂಡಿ ಭಾಳ ಇರತೈತ್ರಿ ಅವ್ವಾರ. ಶಾಲೊಂದು ಒಯ್ರಿ."

೫. ಗಾಲಿ ಕುರ್ಚಿ

ಆ ಸೀರೆ ಬಂದ ಮೇಲೆ ಮೌಶಿಯ ಕೈ ಪಳಗಿತು. ಒಂದು ಇಳಕಲ್ಲು, ಕಾಟನ್ನಿನವು ಒಂದೆರಡು, ಎಲ್ಲ ತಾನೇ ಆರಿಸಿದ್ದು. ಹಳೆಯವನ್ನೆಲ್ಲ ಹಂಚಿಬಿಟ್ಟಳು. ಉಟ್ಟು ಹೋಗಲು ಲಗ್ನಗಳೇನೂ ಇರಲಿಲ್ಲ, ಇದ್ದದ್ದು ಆಸ್ಪತ್ರೆ. ಅಲ್ಲಿಗೇ ಉಟ್ಟುಕೊಂಡು ಹೋಗುತ್ತಿದ್ದಳು, ಜೊತೆಗೆ ಮುಡಿಗೆ ಅಬ್ಬಲಿಗೆ.

ಕಾಕಾನಿಗೆ ಅಷ್ಟರಲ್ಲಿ ಡಾಕ್ಟರ ಮಾತಿನ ಅರ್ಥ ತಿಳಿದಿತ್ತು. ಯಾರು ಹೇಳಿದರೋ ಗೊತ್ತಿಲ್ಲ, ನಾನಂತೂ ಹೇಳಲಿಲ್ಲ. ಗಡ್ಡ ಬಿಟ್ಟು, ಊಟ ಬಿಟ್ಟು, ಕಡ್ಡಿಯಾಗಿದ್ದರು. ಒಂದು ಸಲ ನಾವು ಸರದಿಗಾಗಿ ಕೂತಿದ್ದಾಗ ಗಾಲಿ ಕುರ್ಚಿ ತಳ್ಳಿಕೊಂಡು ಬಂದವನು ಇಬ್ಬರನ್ನೂ ನೋಡಿದ, ನೇರವಾಗಿ ಕಾಕಾನ ತೋಳು ಹಿಡಿದ. "ಬರ್ರಿ ಅಜ್ಜಾರ, ಕುಂದರ್ರಿ."

ಕಾಕಾ ಕೂತರು. ಅವನು ತಳ್ಳಿಕೊಂಡು ಹೋದ. ನಾನು ನೀರಿನ ಬಾಟಲಿ ತುಂಬಿಕೊಂಡು ಬರುವಷ್ಟರಲ್ಲಿ ಅವರು ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಮುಟ್ಟಿದ್ದರು. ಓಡಿಹೋಗಿ ಬಿಡಿಸಿಕೊಂಡು ಬಂದೆ. ಮೌಶಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ನೋಡಿದೇನ, ಸೀರಿ ಚಲೋ ಇದ್ರ ಜಡ್ಡು ಗಂಡಗ ಹತ್ತತೈತಿ."

ನನಗೆ ಸಿಟ್ಟು ಬಂದಿತ್ತು. "ಅಂವ ಅಂದ ಅಂತ ಕುಂತಬಿಡೂದೇನ್ರಿ ಕಾಕಾ?"

ಕಾಕಾ ತಲೆ ತಗ್ಗಿಸಿ ಹೇಳಿದರು: "ಇಷ್ಟ ದಿನಾ ಬಂದೇನಲ್ಲವಾ, ಇಲ್ಲಿ ನನಗ ಕುಂದರ್ರಿ ಅಂದಾವ ಅಂವ ಒಬ್ಬನ."

೬. ತವರಿನ ಸೀರೆ

ಮುತ್ತೈದೆ ಸತ್ತರೆ ಕೊನೆಯ ಹಸಿರು ಸೀರೆ ತವರಿನಿಂದ ಬರಬೇಕು. ಯಾರೂ ಉಡದ ಹೊಸ ಸೀರೆಯಾಗಿರಬೇಕು. ಅದನ್ನು ತರಬೇಕಾದವರು ಮೌಶಿಯ ಅಣ್ಣ, ನನ್ನ ಮಾಮಾ. ಕೈ ಬಹಳ ಬಿಗಿ. ನೋಡಲು ಬಂದ ಅಣ್ಣನಿಗೆ ಚಹಾ ಕೊಟ್ಟು ಮೌಶಿ ಸೀದಾ ಹೇಳಿದಳು: "ಅಣ್ಣಾ, ನೀ ನನಗ ತರೂ ಸೀರಿ ಐತೆಲ್ಲ, ಅದನ್ನ ನಾನ ಆರಸ್ತೇನಿ."

"ಬಿಡ್ತು ಅನ್ನು! ಏನ ಮಾತಿದು?"

"ಬಿಡ್ತು. ಆದ್ರೂ ನಾನ ಆರಸ್ತೇನಿ. ನೀ ಪಂಚಮಿಗೆ ಕೊಟ್ಟ ಸೀರಿ ಒಂದ ಒಗತಕ್ಕ ಕೂಸಿನ ತಲಿಗೆ ಹಾಕೂ ಕುಲಾಯಿ ಆಗಿತ್ತು."

ಮಾಮಾ ಅಳುತ್ತಲೇ ಖಡೇಬಜಾರದ ಅಂಗಡಿಗೆ ಬಂದರು. ಮೌಶಿ ಗಿಣಿ ಹಸಿರಿನದೊಂದನ್ನು ಆರಿಸಿದಳು. ಅದು ಮಾಮಾನ ಕಪಾಟು ಸೇರಬೇಕಿತ್ತು. "ಜಂಪರ ಹೊಂದತೈತೋ ಇಲ್ಲೋ ನೋಡಿ ಕೊಡತೇನಿ" ಅಂತ ಮನೆಗೆ ತಂದವಳು, ಮರುದಿನವೇ ಅದನ್ನು ಉಟ್ಟು ಹಲಸಿಯ ಗುಡಿಗೆ ಹೋಗಿ ಫೋಟೋ ತೆಗೆಸಿಕೊಂಡಳು. ಫೋಟೋ ಬಳಗದ ವಾಟ್ಸಾಪಿಗೆ ಬಿತ್ತು. ಮಾಮಾನ ಫೋನು ನನಗೆ ಬಂತು.

"ಉಟ್ಟಾಳೇನ?"

"ಉಟ್ಟಾಳ್ರಿ."

"ಅಂದ್ರ ಇನ್ನೊಂದು ತರಬೇಕ?"

ಇನ್ನೊಂದು ತಂದರು. ಅದನ್ನು ದೀಪಾವಳಿಗೆ ಉಟ್ಟಳು. ಮೂರನೆಯದರ ಹೊತ್ತಿಗೆ ಆಕೆಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಮಾಮಾ ಅಂಗಡಿಯಿಂದ ವಿಡಿಯೋ ಕಾಲ್ ಮಾಡಿ ಒಂದೊಂದೇ ಸೀರೆ ಹಿಡಿದು ತೋರಿಸಿದರು. ನಾನು ಫೋನು ಹಿಡಿದುಕೊಂಡಿದ್ದೆ. "ಅದಲ್ಲ, ಅದರ ಬಾಜೂದು. ದಡಿ ತೋರಸು. ಸೆರಗ ಬಿಡಸು. ಹಾಂ, ಅದು." ಕಡು ಹಸಿರು, ಕುಂಕುಮ ಬಣ್ಣದ ದಡಿ.

ಮಾಮಾ ರೋಸಿಹೋಗಿದ್ದರು. ತುಂಬಿದ ಅಂಗಡಿಯಲ್ಲಿ ಫೋನಿಗೆ ಬಾಯಿ ಹಚ್ಚಿ ಕೂಗಿದರು: "ತಂಗೀ, ಇದನ್ನರ ಉಡಬ್ಯಾಡ ಮಾರಾಯ್ತಿ!"

ಆಮೇಲೆ ತಾವು ಏನು ಬೇಡಿಕೊಂಡೆವೆಂದು ಹೊಳೆಯಿತು. "ಉಡವಾ," ಅಂದರು. "ಉಡು. ನಾ ಮತ್ತ ತರತೇನಿ."

ಮೌಶಿ ಹಾಸಿಗೆಯಿಂದಲೇ ಹೇಳಿದಳು: "ನೋಡೂಣು."

೭. ಹಾಡಿಕೊಂಡು ಅತ್ತದ್ದು

ಅದನ್ನು ಆಕೆ ತಾನಾಗಿ ಉಡಲಿಲ್ಲ. ಮಾಮಾ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು, ನಾವು ಹೆಂಗಸರು ಉಡಿಸಿದೆವು. ಹೇಳಲು ಸಂಕಟ, ಆದರೆ ಬಹಳ ಒಪ್ಪಿತ್ತು.

ಬಂದ ನೆಂಟರು ಒಬ್ಬೊಬ್ಬರೂ ಮೇಲೆ ಹೊದಿಸಲು ಒಂದೊಂದು ಸೀರೆ ತಂದಿದ್ದರು. ಅದೂ ಪದ್ಧತಿಯೇ. ಎಲ್ಲ ಕೊಡುವ ಗುಡ್ಡೆಯಿಂದ ಬಂದವು, ನೋಡಿದರೇ ತಿಳಿಯುತ್ತಿತ್ತು. ಮೊದಲನೆಯದನ್ನು ಬಿಡಿಸುತ್ತಿದ್ದಂತೆ ಗೋಡೆಗೆ ಒರಗಿ ಕೂತಿದ್ದ ಕಾಕಾ ಎದ್ದು ಬಂದರು.

"ಮ್ಯಾಲೆ ಹಾಕಬ್ಯಾಡ್ರಿ. ಕಾಲ ಕಡೆ ಇಡ್ರಿ. ಅಕಿಂದು ಕಾಣಲಿ."

ಕಾಕಾ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ. ಸೀರೆಗಳೆಲ್ಲ ಕಾಲ ಕಡೆ ಹೋದವು.

ಆ ಹೊತ್ತಿಗೆ ಬಾಜು ಮನೆಯ ಮುದುಕಿ ಬಂದಳು. ನಮ್ಮ ಕಡೆ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ಈ ಮುದುಕಿ ಅದರಲ್ಲಿ ಹೆಸರಾದವಳು. ಆಕೆ ಶುರುಮಾಡಿದರೆ ಉಳಿದವರು ತಮ್ಮ ತಮ್ಮ ಅಳು ಬಿಟ್ಟು ಆಕೆಯ ಸೊಲ್ಲು ಹಿಡಿಯುತ್ತಾರೆ. ಮೌಶಿಯ ತಲೆಯ ಬಳಿ ಕೂತು, ಎದೆ ಬಡಿದುಕೊಂಡು ದನಿ ತೆಗೆದಳು.

"ಕೈತುಂಬ ಬಳಿ ಇಟಗೊಂಡು ಹೊಂಟೆಲ್ಲವ್ವಾ ನನ್ನ ಗೆಳತೀ... ಹಣಿತುಂಬ ಕುಂಕುಮ ಹಚಗೊಂಡು ಹೊಂಟೆಲ್ಲವ್ವಾ..."

ಎಲ್ಲರೂ ಸೊಲ್ಲು ಹಿಡಿದರು. ಬಡಿದುಕೊಳ್ಳುತ್ತಿದ್ದ ಮುದುಕಿಯ ಕೈ ಒಮ್ಮೆ ಮೌಶಿಯ ಸೆರಗಿನ ಮೇಲೆ ಬಿತ್ತು. ಅಲ್ಲೇ ನಿಂತಿತು. ಬೆರಳುಗಳು ದಡಿಯನ್ನು ತಿಕ್ಕಿ ನೋಡಿದವು, ಮಗುಚಿ ನೋಡಿದವು. ರಾಗ ಮಾತ್ರ ಕಡಿಯಲಿಲ್ಲ.

"ಎಂಥಾ ಸೀರಿ ಉಟಗೊಂಡು ಹೊಂಟೆಲ್ಲವ್ವಾ... ಎಲ್ಲಿ ತಗೊಂಡೆ ಅಂತ ಹೇಳಲಾರದ ಹೊಂಟೆಲ್ಲವ್ವಾ..."

ಈ ಸೊಲ್ಲನ್ನು ಯಾರೂ ಹಿಡಿಯಲಿಲ್ಲ. ಎಲ್ಲ ಹೆಂಗಸರೂ ಉತ್ತರಕ್ಕಾಗಿ ಕಾಕಾನ ಮುಖ ನೋಡಿದರು.

ಕಾಕಾ ಮೂಗು ಒರೆಸಿಕೊಂಡರು. "ಬೆಳಗಾವ್ಯಾಗ್ರಿ," ಅಂದರು. "ಅಕಿನ ಆರಿಸಿದ್ದು."

ಮುದುಕಿ ತಿಳಿಯಿತೆಂಬಂತೆ ತಲೆಯಾಡಿಸಿ ಮತ್ತೆ ಎದೆ ಬಡಿದುಕೊಂಡಳು.

"ನೀನ ಆರಿಸಿದ್ದು ಉಟಗೊಂಡು ಹೊಂಟೆಲ್ಲವ್ವಾ..."

ಈ ಸಲ ಎಲ್ಲರೂ ಸೊಲ್ಲು ಹಿಡಿದರು, ನಾನೂ.