ಆರಡಿ ತೊಟ್ಟಿಯ ಭಗೀರಥ

"ನೋಡ್ತಾ ಇರು, ಈ ಭಾನುವಾರ ಮೀನಿನ ತೊಟ್ಟಿಯ ನೀರನ್ನ ಕನ್ನಡಿ ಮಾಡಿಬಿಡ್ತೀನಿ. ಅದರ ಮುಂದೆ ನಿಂತು ನೀನು ತಲೆ ಬಾಚ್ಕೋಬಹುದು!" ಎಂದು ಘೋಷಿಸಿದೆ.

"ತಲೆ ಬಾಚೋಕೆ ಕನ್ನಡಿ ಇದೆ. ಅಜ್ಜಿಗೆ ಏನೂ ಆಗದಿದ್ರೆ ಸಾಕು" ಎಂದಳು ಹೆಂಡತಿ.

ಅಜ್ಜಿ ಎಂದರೆ ಹನ್ನೊಂದು ವರ್ಷದ ಗೋಲ್ಡ್‌ಫಿಶ್. ಹೆಸರಿಟ್ಟವರು ಮಾವ. ಅವರು ತೀರಿಕೊಂಡಾಗ ಭಾವಮೈದುನರು ಬೀರು, ಮಂಚ, ಮೇಜು ಎಂದು ಹಂಚಿಕೊಂಡರೆ, ಇವಳು ಕೇಳಿ ತಂದದ್ದು ಆರಡಿ ಉದ್ದದ ಆ ಗಾಜಿನ ತೊಟ್ಟಿ ಮತ್ತು ಅದರೊಳಗಿನ ಅಜ್ಜಿಯನ್ನು ಮಾತ್ರ. ಮಾವನ ಬೆರಳಿನಿಂದ ತಿನ್ನುತ್ತಿದ್ದ ಅಜ್ಜಿ ಈಗ ಇವಳ ಬೆರಳಿಗೆ ಬರುತ್ತಿತ್ತು. ನನ್ನ ಬೆರಳು ಕಂಡರೆ ಬೆನ್ನು ತಿರುಗಿಸುತ್ತಿತ್ತು. ದೂರದೃಷ್ಟಿಯ ಮೀನು!

ಇತ್ತೀಚೆಗೆ ನೀರು ಹಸಿರಾಗಿತ್ತು. ಹಳೆಯ ಫಿಲ್ಟರು ಉಬ್ಬಸ ಬಂದವರ ಹಾಗೆ ಗೊರಗುಟ್ಟುತ್ತಿತ್ತು. ಸಾಕುಮೀನಿನ ಅಂಗಡಿಯವರು "ದೊಡ್ಡ ತೊಟ್ಟಿ ಸಾರ್, ನಾನೇ ಬಂದು ಜೋಡಿಸಿಕೊಡ್ತೀನಿ" ಎಂದಿದ್ದರು. "ನನಗೆ ಹೇಳಿಕೊಡ್ತೀರಾ?" ಎಂದು ನಕ್ಕು, ಕೊಂಡ ಹೊಸ ಪಂಪನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಮಹಾಯೋಜನೆ ಇಷ್ಟು: ತೊಟ್ಟಿಯ ಮೇಲಂಚಿನ ತೂತಿನಿಂದ ನೀರು ಕೆಳಗಿನ ಪ್ಲಾಸ್ಟಿಕ್ ಟಬ್ಬಿಗೆ ಇಳಿಯಬೇಕು. ಟಬ್ಬಿನ ಸ್ಪಂಜು, ಇದ್ದಿಲುಗಳಲ್ಲಿ ಸೋಸಿಕೊಂಡ ನೀರನ್ನು ಪಂಪು ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳಬೇಕು. ಪೈಪಿನ ತುದಿಯನ್ನು ತೊಟ್ಟಿಯ ತಳದವರೆಗೂ ಇಳಿಬಿಟ್ಟೆ.

"ಅಷ್ಟು ಕೆಳಗೆ ಯಾಕೆ?" ಗ್ರಂಥಾಲಯದ ಡ್ಯೂಟಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ ಕೇಳಿದಳು.

"ತಳದ ನೀರೂ ಓಡಾಡಬೇಕು ಕಣೇ. ಸಮಾನತೆ!"

"ಕರೆಂಟು ಹೋದ್ರೆ?"

"ಕರೆಂಟು ಹೋದ್ರೆ ಪಂಪು ನಿಲ್ಲುತ್ತೆ. ಪಂಪು ನಿಂತ್ರೆ ನೀರು ನಿಲ್ಲುತ್ತೆ. ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ?"

ಅವಳು ಹೋದಮೇಲೆ ಸ್ವಿಚ್ಚು ಒತ್ತಿದೆ. ತೊಟ್ಟಿಯಲ್ಲಿ ಸುಳಿ ಎದ್ದಿತು! ಯಾವ ಸುಳಿವೂ ಇಲ್ಲದೆ ಅಜ್ಜಿ ಅದಕ್ಕೆ ಸಿಕ್ಕಿ ಮೂರು ಪ್ರದಕ್ಷಿಣೆ ಹಾಕಿತು. ಪ್ರತಿ ಸುತ್ತಿಗೂ ನನ್ನನ್ನೊಮ್ಮೆ ನೋಡಿತು. ಗಾಬರಿಯಿಂದ ಪಂಪಿನ ವೇಗ ತಗ್ಗಿಸಿದೆ. ನೀರು ತಣ್ಣಗೆ ಹರಿಯತೊಡಗಿತು. ಆಹಾ! ಊಟ ಮಾಡಿ, ವಿಜಯಿ ವೀರನಂತೆ ಒಳಕೋಣೆಯಲ್ಲಿ ಕಾಲು ಚಾಚಿದೆ.

ಎದ್ದದ್ದು ಬಾಗಿಲು ದಬದಬ ಬಡಿದ ಸದ್ದಿಗೆ. ಕರೆಂಟಿಲ್ಲದೆ ಬೆಲ್ಲು ಮೂಕವಾಗಿತ್ತು. ಮಂಚದಿಂದ ಇಳಿದರೆ ಪಾದ ಮುಳುಗುವಷ್ಟು ನೀರು! ಬಾಗಿಲಲ್ಲಿ ಕೆಳಮನೆಯ ಟೈಲರಮ್ಮ. ಕೈಯಲ್ಲಿ ತೊಟ್ಟಿಕ್ಕುತ್ತಿದ್ದ ಒಂದು ಬಿಳಿ ಕೋಟು. ಈಗ ಅದನ್ನು ಬಿಳಿ ಎನ್ನುವುದು ದಾಕ್ಷಿಣ್ಯದ ಮಾತು.

"ಆಸ್ಪತ್ರೆಯವರ ಕೋಟುಗಳು. ಇಪ್ಪತ್ತೆರಡು. ಸಂಜೆ ಕೊಡಬೇಕಿತ್ತು" ಎಂದರು. ಕೂಗಲಿಲ್ಲ. "ಬಟ್ಟೆ ಹರಿದ್ರೆ ಹೊಲಿದುಕೊಡ್ತೀನಿ ಸಾರ್. ನೀರು ಹರಿದ್ರೆ ನಾನೇನು ಮಾಡಲಿ?"

ಕೂಗಿದ್ದರೆ ಚೆನ್ನಾಗಿತ್ತು.

ಹಾಲಿಗೆ ಓಡಿದೆ. ಪಂಪು ನಿಂತಿತ್ತು, ನಿಜ. ನೀರು ನಿಂತಿರಲಿಲ್ಲ. ಹೋದ ದಾರಿಯಲ್ಲೇ ವಾಪಸು ಬಂದಿತ್ತು! ತಳದಲ್ಲಿದ್ದ ಪೈಪು ತೊಟ್ಟಿಯನ್ನೆಲ್ಲ ಹೀರಿ ಟಬ್ಬಿಗೆ ಸುರಿದಿತ್ತು. ಟಬ್ಬು ತುಂಬಿ ಉಕ್ಕಿ, ನಮ್ಮ ಮನೆ ಮುಗಿಸಿ, ಅವರ ಮನೆಗೂ ಇಳಿದಿತ್ತು. ತೊಟ್ಟಿಯಲ್ಲಿ ಉಳಿದದ್ದು ಮೂರು ಬೆರಳು ನೀರು. ಅದರಲ್ಲಿ ಅಜ್ಜಿ ಅಡ್ಡ ಮಲಗಿ, ಬಾಯಿ ತೆರೆದು ಮುಚ್ಚುತ್ತಿತ್ತು.

ಅಷ್ಟರಲ್ಲಿ ಹೆಂಡತಿ ಬಂದಳು. "ಲೇ, ನಾನು..." ಎಂದೆ. ನನ್ನ ಕಡೆ ನೋಡಲೇ ಇಲ್ಲ. ಚೀಲವನ್ನು ನೀರಿನಲ್ಲೇ ಬಿಟ್ಟು, ಮೊಣಕೈವರೆಗೂ ತೋಳು ಇಳಿಸಿ, ಎರಡೂ ಅಂಗೈಯಲ್ಲಿ ಅಜ್ಜಿಯನ್ನು ಎತ್ತಿ ಹಿಡಿದು, "ಬಕೆಟ್" ಎಂದಳು. ಟಬ್ಬಿನ ನೀರನ್ನೇ ಬಕೆಟ್ಟಿಗೆ ತುಂಬಿ ತಂದೆ. ಅಜ್ಜಿ ಅದರಲ್ಲಿ ವಾಲಿತು, ಮುಳುಗಿತು, ಬಹಳ ಹೊತ್ತಿನ ಮೇಲೆ ಬಾಲ ಆಡಿಸಿತು. ಆಗ ಇವಳು ಅತ್ತಳು. ನನಗೆ ಆ ಮೂರು ಬೆರಳು ನೀರಲ್ಲೇ ಮುಳುಗಿಹೋಗೋಣ ಎನಿಸಿತು.

ಟೈಲರಮ್ಮ ಆಸ್ಪತ್ರೆಗೆ ಫೋನು ಮಾಡಿ, ಒಂದು ದಿನ ತಡವಾಗುತ್ತದೆಂದು ತಾವೇ ಕ್ಷಮೆ ಕೇಳಿದರು. ತಪ್ಪು ನನ್ನದು, ಕ್ಷಮೆ ಅವರದು! ಇಪ್ಪತ್ತೆರಡು ಕೋಟುಗಳನ್ನೂ ನಾನೇ ಒಗೆದೆ, ಒಣಗಿಸಿದೆ, ಇಸ್ತ್ರಿ ಮಾಡಿದೆ. ಅವರು ಕಾಲರುಗಳನ್ನು ಮತ್ತೊಮ್ಮೆ ಇಸ್ತ್ರಿ ಮಾಡಿಕೊಂಡರು.

ಮಾರನೆಯ ದಿನ ಕೋಟು ತಲುಪಿಸಿದ ಮೇಲೆ ಟೈಲರಮ್ಮ ನಮ್ಮ ತೊಟ್ಟಿ ನೋಡಲು ಬಂದರು. ಪೈಪನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ದಪ್ಪ ಸೂಜಿಯೊಂದನ್ನು ಕಾಯಿಸಿ, ತೊಟ್ಟಿ ತುಂಬಿದಾಗ ನೀರು ನಿಲ್ಲುವ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ ಅದಕ್ಕೆ ದೊಡ್ಡದೊಂದು ತೂತು ಮಾಡಿದರು.

"ನೀರು ಇಷ್ಟು ಇಳಿದ ಕೂಡಲೇ ಪೈಪಿಗೆ ಗಾಳಿ ನುಗ್ಗುತ್ತೆ. ಎಳೆಯೋದು ನಿಲ್ಲುತ್ತೆ. ಡ್ರಮ್ಮಿಂದ ಟ್ಯೂಬಲ್ಲಿ ನೀರು ತೆಗೆಯೋರಿಗೆಲ್ಲ ಗೊತ್ತಿರೋದೇ."

ತೊಟ್ಟಿ ತುಂಬಿ, ಸ್ವಿಚ್ಚು ಆರಿಸಿ ನೋಡಿದೆವು. ನೀರು ಒಂದು ಬೆರಳು ಇಳಿದು, ಗೊರಕ್ ಎಂದು ನಿಂತಿತು! ಹೆಂಡತಿ ಅವರ ಕೈ ಹಿಡಿದುಕೊಂಡಳು.

ಟೈಲರಮ್ಮ ಸೂಜಿ ಒರೆಸುತ್ತಾ ನನ್ನನ್ನು ಕೇಳಿದರು: "ಅಂದಹಾಗೆ, ನೀವು ಏನು ಕೆಲಸ ಮಾಡೋದು ಸಾರ್?"

"ಬ್ಯಾಂಕಲ್ಲಿ..." ಎಂದೆ, ನೆಲ ನೋಡುತ್ತಾ.

"ಸುಳ್ಳು" ಎಂದಳು ಹೆಂಡತಿ. "ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು. ಇಪ್ಪತ್ತು ವರ್ಷ ಆಯ್ತು."

ಟೈಲರಮ್ಮ ಒರೆಸಿದ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡರು. ಆಮೇಲೆ ತುಂಬಾ ಮರ್ಯಾದೆಯಿಂದ ಕೇಳಿದರು:

"ಯಾವ ಸ್ಕೂಲು ಸಾರ್? ಮಗಳನ್ನ ಈ ವರ್ಷ ಸೇರಿಸಬೇಕು... ಗೊತ್ತಿದ್ರೆ ಆ ಕಡೆ ಹೋಗೋದು ತಪ್ಪುತ್ತೆ."